ಒಂಟೆಯ ಹಗ್ಗ ಮತ್ತು ಕಾರಿನ ನಟ್ಟು



ಮಡಿಕೇರಿಯಲ್ಲಿ ಸಂಬಂಧಿಕರ ಮದುವೆ ಮುಗಿಸಿ ಪುತ್ತೂರಿಗೆ ಮರಳುತ್ತಿದ್ದೆವು. ಕಾರು ಓಡಿಸುತ್ತಿದ್ದವಳು ನಾನು. ಹಿಂದಿನ ಸೀಟಿನಲ್ಲಿ ಉಮ್ಮ, ಅವರ ಮಡಿಲಿಗೆ ಒರಗಿ ನಿದ್ದೆ ಹೋದ ಇಬ್ಬರು ಮಕ್ಕಳು. ಹೊರಡುವ ಮುನ್ನ ಎಡಬದಿಯ ಮುಂದಿನ ಟಯರು ಪಂಕ್ಚರ್ ಆಗಿತ್ತು. ರಸ್ತೆ ಬದಿಯ ಅಂಗಡಿಯ ಹುಡುಗ ಹತ್ತೇ ನಿಮಿಷದಲ್ಲಿ ಚಕ್ರ ಬಿಚ್ಚಿ, ಸರಿಮಾಡಿ, ಮತ್ತೆ ಜೋಡಿಸಿ ಕೊಟ್ಟ. ನಾನು ಹಣ ಕೊಟ್ಟು, ಪ್ರಯಾಣದ ದುಆ ಓದಿ ಹೊರಟೆ.

ಸಂಪಾಜೆ ಘಾಟಿಯ ತಿರುವುಗಳಲ್ಲಿ ಇಳಿಯುತ್ತಿದ್ದಂತೆ ಮುಂದಿನಿಂದ 'ಟಕ್ ಟಕ್' ಎಂಬ ಸದ್ದು ಶುರುವಾಯಿತು. ಸ್ಟೀಯರಿಂಗ್ ಸಣ್ಣಗೆ ನಡುಗುತ್ತಿತ್ತು. ರಸ್ತೆ ಸರಿಯಿಲ್ಲ ಎಂದುಕೊಂಡೆ. ಉಮ್ಮ ಮಾತ್ರ ಬಿಡಲಿಲ್ಲ. "ಮೋಳೇ, ಈ ಸದ್ದು ರಸ್ತೆಯದ್ದಲ್ಲ. ನಿಲ್ಲಿಸಿ ನೋಡು" ಎಂದರು. ನಿಲ್ಲಿಸಿ ಚಕ್ರದ ನಟ್ಟುಗಳನ್ನು ಮುಟ್ಟಿದೆ. ನಾಲ್ಕರಲ್ಲಿ ಎರಡು ನಟ್ಟುಗಳು ಬೆರಳಿನಲ್ಲೇ ತಿರುಗಿದವು! ಇನ್ನಷ್ಟು ದೂರ ಹೋಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದರೆ ಈಗಲೂ ಎದೆ ನಡುಗುತ್ತದೆ. ಅಲ್ಹಮ್ದುಲಿಲ್ಲಾಹ್, ಅಲ್ಲಾಹನು ಕಾಪಾಡಿದ.

ಕಾರಿನಲ್ಲಿದ್ದ ಸ್ಪಾನರ್ ತೆಗೆದು ನಾನೇ ನಟ್ಟುಗಳನ್ನು ಬಿಗಿಗೊಳಿಸಿದೆ. ಮತ್ತೆ ಹೊರಟಾಗ ಉಮ್ಮ ಮೆಲ್ಲಗೆ ಕೇಳಿದರು: "ದುಆ ಓದಿದ್ದು ಒಳ್ಳೆಯದಾಯಿತು. ಆದರೆ ಹೊರಡುವಾಗ ನಟ್ಟು ನೋಡಿದ್ದೆಯಾ?" ನನ್ನಲ್ಲಿ ಉತ್ತರವಿರಲಿಲ್ಲ. ಒಂಟೆಯನ್ನು ಕಟ್ಟಿ ಭರವಸೆ ಇಡಲೇ ಅಥವಾ ಬಿಚ್ಚಿಬಿಟ್ಟು ಭರವಸೆ ಇಡಲೇ ಎಂದು ಕೇಳಿದ ವ್ಯಕ್ತಿಗೆ ಪ್ರವಾದಿಯವರು(ಸ) ಮೊದಲು ಕಟ್ಟುವಂತೆ, ಬಳಿಕ ಅಲ್ಲಾಹನ ಮೇಲೆ ಭರವಸೆ ಇಡುವಂತೆ ಹೇಳಿದ ವಿಷಯ ನಮಗೆಲ್ಲ ಗೊತ್ತು. ನಮ್ಮ ಒಂಟೆಯ ಹಗ್ಗ ಈ ನಾಲ್ಕು ನಟ್ಟುಗಳಲ್ಲಿದೆ ಎಂಬುದನ್ನು ನಾನು ಮರೆತಿದ್ದೆ.

ಇಂದು ನಮ್ಮಲ್ಲಿ ಎಷ್ಟೋ ಮನೆಗಳ ಗಂಡಸರು ಗಲ್ಫಿನಲ್ಲಿದ್ದಾರೆ. ಮಕ್ಕಳನ್ನು ಶಾಲೆಗೆ ಬಿಡುವುದು, ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು ಎಲ್ಲವೂ ಹೆಣ್ಣುಮಕ್ಕಳ ಕೈಯಲ್ಲೇ ಇದೆ. ಆದರೆ ಚಕ್ರದ ವಿಷಯ ಬಂದಾಗ "ಅದು ಗಂಡಸರ ಕೆಲಸ, ಅದಕ್ಕೆ ಶಕ್ತಿ ಬೇಕು" ಎಂದು ದೂರ ಸರಿಯುತ್ತೇವೆ. ನಿಜವಾಗಿ ಇದಕ್ಕೆ ಶಕ್ತಿಗಿಂತ ಕ್ರಮ ಮುಖ್ಯ.

ಮೊದಲು ನಟ್ಟು ಮಾಡುವ ಕೆಲಸವೇನೆಂದು ತಿಳಿಯೋಣ. ನಟ್ಟನ್ನು ಬಿಗಿಯುವಾಗ ಒಳಗಿನ ಬೋಲ್ಟು, ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡಿನಂತೆ, ಕಣ್ಣಿಗೆ ಕಾಣದಷ್ಟು ಎಳೆಯಲ್ಪಡುತ್ತದೆ. ಆ ಎಳೆತವೇ ಚಕ್ರವನ್ನು ಹಬ್ ಎಂಬ ಲೋಹದ ತಟ್ಟೆಗೆ ಒತ್ತಿ ಹಿಡಿಯುತ್ತದೆ. ಎಳೆತ ಕಡಿಮೆಯಾದರೆ ಚಕ್ರ ಅಲುಗುತ್ತದೆ, ಅಲುಗಿದಷ್ಟೂ ನಟ್ಟು ಸಡಿಲವಾಗುತ್ತದೆ. ಅತಿಯಾದರೆ ಬೋಲ್ಟಿನ ಸುರುಳಿ ಹಾಳಾಗಬಹುದು, ಬೋಲ್ಟೇ ತುಂಡಾಗಬಹುದು, ಬ್ರೇಕಿನ ಡಿಸ್ಕ್ ಕೂಡ ಸೊಟ್ಟಗಾಗಬಹುದು. ಮುಂದೊಂದು ದಿನ ದಾರಿಯಲ್ಲಿ ಪಂಕ್ಚರ್ ಆದರೆ ಅದನ್ನು ಬಿಚ್ಚಲು ನಮ್ಮಿಂದಾಗದು.

ಹಾಗಾದರೆ ಎಷ್ಟು ಬಿಗಿಯಬೇಕು? ಬಿಗಿಯ ಅಳತೆಗೆ ನ್ಯೂಟನ್ ಮೀಟರ್ ಎನ್ನುತ್ತಾರೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110ರವರೆಗೆ ಬೇಕಾಗುತ್ತದೆ. ನಿಮ್ಮ ಕಾರಿನ ಖಚಿತ ಅಳತೆ ಅದರ ಜೊತೆ ಬಂದ ಪುಸ್ತಕದಲ್ಲಿರುತ್ತದೆ. 100 ಎಂದಿಟ್ಟುಕೊಳ್ಳಿ. ನಟ್ಟಿನಿಂದ 25 ಸೆಂಟಿಮೀಟರ್ ದೂರದಲ್ಲಿ ಸ್ಪಾನರ್ ಹಿಡಿದು ಸುಮಾರು 40 ಕಿಲೋ ಭಾರದಷ್ಟು ಕೆಳಕ್ಕೆ ಒತ್ತಿದರೆ ಅಷ್ಟು ಬಿಗಿ ಸಿಗುತ್ತದೆ. ಎರಡು ಕೈಯಿಟ್ಟು ಮೈಭಾರ ಹಾಕಿದರೆ ಸಾಧಾರಣ ಹೆಂಗಸಿಗೂ ಇದು ಸಾಧ್ಯ. 60 ಕಿಲೋ ತೂಗುವವರು ಅದೇ ಸ್ಪಾನರಿನ ಮೇಲೆ ಹತ್ತಿ ನಿಂತರೆ ಬಿಗಿ 150ಕ್ಕೆ ಹತ್ತಿರವಾಗುತ್ತದೆ. ಸ್ಪಾನರಿನ ಮೇಲೆ ಹಾರುವುದು, ಪೈಪು ಸಿಕ್ಕಿಸಿ ತಿರುಗಿಸುವುದು ಶೌರ್ಯವಲ್ಲ, ಹಾನಿ. ಟಾರ್ಕ್ ರೆಂಚ್ ಎಂಬ ಸ್ಪಾನರಿನಲ್ಲಿ ಬೇಕಾದ ಅಳತೆಯನ್ನು ಮೊದಲೇ ಇಟ್ಟುಕೊಳ್ಳಬಹುದು. ಅಷ್ಟು ಬಿಗಿಯಾದೊಡನೆ ಅದು 'ಕ್ಲಿಕ್' ಎನ್ನುತ್ತದೆ. ಕ್ಲಿಕ್ ಎಂದ ಮೇಲೆ ಮತ್ತೆ ಒತ್ತಬಾರದು.

ಇನ್ನು ಕ್ರಮ. ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ, ರಸ್ತೆಯಿಂದ ದೂರ ನಿಲ್ಲಿಸಿ. ಮಕ್ಕಳನ್ನು, ಹಿರಿಯರನ್ನು ಇಳಿಸಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಡಿ. ಕೆಂಪು ತ್ರಿಕೋನವನ್ನು ಹಿಂದೆ ಇಡಿ. ಬುರ್ಖಾದ ಅಂಚು, ಶಾಲಿನ ತುದಿ ಸಿಕ್ಕಿಹಾಕಿಕೊಳ್ಳದಂತೆ ಸಿಕ್ಕಿಸಿಕೊಳ್ಳಿ. ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ನಂತರ ಜಾಕ್ ಏರಿಸಿ. ಜಾಕ್ ಮೇಲಿರುವ ಕಾರಿನ ಅಡಿಗೆ ಕೈಕಾಲು ಹಾಕಲೇಬೇಡಿ.

ಹೊಸ ಚಕ್ರ ಕೂರಿಸುವ ಮುನ್ನ ಹಬ್ಬಿನ ಮೇಲಿನ ಮಣ್ಣು, ತುಕ್ಕನ್ನು ಒರೆಸಿ. ಮಣ್ಣು ಉಳಿದರೆ ಅದು ಓಡಾಟದಲ್ಲಿ ಉದುರಿ ನಟ್ಟು ತಾನಾಗಿ ಸಡಿಲವಾಗುತ್ತದೆ. ಬೋಲ್ಟಿಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ಜಾರಿಕೆ ಹೆಚ್ಚಿ, ಅಷ್ಟೇ ಒತ್ತಿದರೂ ಬೋಲ್ಟು ಅತಿಯಾಗಿ ಎಳೆಯಲ್ಪಡುತ್ತದೆ. ನಟ್ಟಿನ ಒಂದು ತುದಿ ಚೂಪಾಗಿ ಇಳಿಜಾರಾಗಿದ್ದರೆ ಆ ಬದಿ ಚಕ್ರದ ಕಡೆಗೇ ಇರಲಿ. ಮೊದಲು ಎಲ್ಲ ನಟ್ಟುಗಳನ್ನು ಬೆರಳಿನಲ್ಲೇ ತಿರುಗಿಸಿ. ಆಮೇಲೆ ಸ್ಪಾನರಿನಿಂದ ಸ್ವಲ್ಪ ಬಿಗಿದು, ಕಾರನ್ನು ಇಳಿಸಿ, ಕೊನೆಯ ಬಿಗಿಯನ್ನು ನೆಲದ ಮೇಲೆಯೇ ಕೊಡಿ. ನಮ್ಮ ಕಾರಿನಲ್ಲಿ ತಪ್ಪಿಹೋದದ್ದು ಈ ಕೊನೆಯ ಬಿಗಿ.

ಒಂದರ ಪಕ್ಕದ ಇನ್ನೊಂದನ್ನು ಬಿಗಿಯುತ್ತಾ ಹೋಗಬೇಡಿ. ಡಬ್ಬದ ಮುಚ್ಚಳ ಓರೆಯಾಗಿ ಕೂತರೆ ಎಷ್ಟು ತಿರುಗಿಸಿದರೂ ಬಿಗಿಯಾಗುವುದಿಲ್ಲವಲ್ಲ, ಚಕ್ರವೂ ಹಾಗೆಯೇ. ನಾಲ್ಕು ನಟ್ಟುಗಳಿದ್ದರೆ ಒಂದನ್ನು ಬಿಗಿದ ಮೇಲೆ ಅದರ ಎದುರಿನದು, ಮತ್ತೆ ಉಳಿದ ಎರಡು. ಐದಿದ್ದರೆ ಒಂದು ಬಿಟ್ಟು ಒಂದರಂತೆ, ನಕ್ಷತ್ರ ಬರೆದ ಹಾಗೆ. ಒಂದೇ ಸಲ ಪೂರ್ತಿ ಬಿಗಿಯದೆ ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. 50ರಿಂದ 100 ಕಿಲೋಮೀಟರ್ ಓಡಿದ ಬಳಿಕ ಮತ್ತೊಮ್ಮೆ ಪರೀಕ್ಷಿಸಿ. ದಾರಿಯಲ್ಲಿ ಸದ್ದು, ನಡುಕ ಕಂಡರೆ ವೇಗ ತಗ್ಗಿಸಿ, ಕೂಡಲೇ ನಿಲ್ಲಿಸಿ.

ಅಂಗಡಿಯಲ್ಲಿ ಗಾಳಿಯ ಗನ್ನಿನಿಂದ 'ಗರ್' ಎಂದು ತಿರುಗಿಸಿದರೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. "ಅಣ್ಣಾ, ಕೊನೆಗೊಮ್ಮೆ ಕೈಯಲ್ಲಿ ಬಿಗಿದು ತೋರಿಸಿ" ಎಂದು ಕೇಳಲು ಸಂಕೋಚ ಬೇಡ. ಕೇಳಿದರೆ ಅವರಿಗೆ ಅವಮಾನವಲ್ಲ, ಕೇಳದಿದ್ದರೆ ಅಪಾಯ ನಮಗೆ.

ಮನೆಗೆ ಬಂದ ಮರುದಿನ ನನ್ನ ಮಗಳನ್ನು ಕಾರಿನ ಬಳಿ ಕೂರಿಸಿಕೊಂಡು ಇದನ್ನೆಲ್ಲ ಹೇಳಿಕೊಟ್ಟೆ. ಅವಳಿಗೆ ಲೈಸೆನ್ಸ್ ಸಿಗಲು ಇನ್ನೂ ವರ್ಷಗಳಿವೆ. ಆದರೆ ದುಆ ಕಲಿಸುವ ವಯಸ್ಸಿನಲ್ಲೇ ಹಗ್ಗ ಕಟ್ಟುವುದನ್ನೂ ಕಲಿಸಬೇಕಲ್ಲವೇ? ಈಗ ನಾವು ದೂರ ಹೊರಡುವಾಗ ಅವಳೇ ನಾಲ್ಕೂ ಚಕ್ರಗಳ ನಟ್ಟು ಮುಟ್ಟಿ ನೋಡಿ ಬಂದು ಕುಳಿತುಕೊಳ್ಳುತ್ತಾಳೆ. ಆಮೇಲೆ ಉಮ್ಮ "ಬಿಸ್ಮಿಲ್ಲಾಹ್" ಎನ್ನುತ್ತಾರೆ.

ಅಲ್ಲಾಹನು ನಮ್ಮೆಲ್ಲರ ಪ್ರಯಾಣಗಳನ್ನು ಸುರಕ್ಷಿತಗೊಳಿಸಲಿ. ಆಮೀನ್.