ಮೂಟೆ ಹೊತ್ತು ನಿಂತವನ ಕೆಲಸ

ತುಮಕೂರು, ಹಾಸನದ ಹಳಿಗಳು ಕವಲೊಡೆಯುವ ಚಿಕ್ಕಬಾಣಾವರ ನಿಲ್ದಾಣದಲ್ಲಿ ಪಕ್ಕದ ರೈಲು ಹೊರಟರೆ, ಕೂತವರಿಗೆ ನಮ್ಮದೇ ಹೊರಟಿತು ಅನ್ನಿಸುತ್ತದೆ. ಕಣ್ಣು ಹೇಳಿದ್ದನ್ನು ಹಾಗೆಯೇ ನಂಬಬೇಡ ಎನ್ನುವಲ್ಲಿಂದ ಭೌತಶಾಸ್ತ್ರ ಶುರುವಾಗುತ್ತದೆ. ಈ ಜೂನ್‌ನಲ್ಲಿ ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಿದ ಮಕ್ಕಳಿಗೆ 14 ಅಧ್ಯಾಯಗಳ, ಫಾರ್ಮುಲಾಗಳ ಭಯ. ನಿಜವಾದ ಕಷ್ಟ ಇರುವುದು ಗೊತ್ತಿದೆ ಅಂದುಕೊಂಡ ಮಾತುಗಳಲ್ಲೇ.

ಮನೆಮಾತಿನಲ್ಲಿ ಬಲ, ಶಕ್ತಿ, ಸಾಮರ್ಥ್ಯ ಹೆಚ್ಚುಕಡಿಮೆ ಒಂದೇ. ತರಗತಿಯಲ್ಲಿ ಮೂರೂ ಬೇರೆ; ಅಳತೆಯೂ ಬೇರೆ: ನ್ಯೂಟನ್, ಜೂಲ್, ವ್ಯಾಟ್. 50 ಕೆ.ಜಿ. ಅಕ್ಕಿ ಮೂಟೆಯನ್ನು ಒಂದು ಮೀಟರ್ ಎತ್ತಿದರೆ ಸುಮಾರು 490 ಜೂಲ್ ಕೆಲಸ. ಅದನ್ನೇ ಹೊತ್ತು ಅರ್ಧ ಗಂಟೆ ಅಲುಗಾಡದೆ ನಿಂತರೆ ಮೂಟೆಯ ಮೇಲೆ ನಡೆದ ಕೆಲಸ ಸೊನ್ನೆ! ಹಮಾಲಿ ಮಾಡುವವರ ಮನೆಯ ಮಗುವಿಗೆ ಇದನ್ನು ಕೇಳಿ ಸಿಟ್ಟು ಬಂದರೆ ಅದು ನ್ಯಾಯವೇ. ಹಾಗಾದರೆ ಅಪ್ಪ ಬೆವರುವುದೇಕೆ ಎಂದು ಅದು ಮೇಷ್ಟ್ರನ್ನು ಕೇಳಲಿ. ಮೂಟೆ ಅಲುಗದಿದ್ದರೂ ಒಳಗೆ ಸ್ನಾಯುವಿನ ಎಳೆಗಳು ಎಡೆಬಿಡದೆ ಬಿಗಿದು ಸಡಿಲುತ್ತಿರುತ್ತವೆ. ಅದಕ್ಕೆ ಖರ್ಚಾದ ಶಕ್ತಿ ಶಾಖವಾಗಿ ಹೊರಬರುತ್ತದೆ. ಈ ಒಂದು ಪ್ರಶ್ನೆ ಹತ್ತು ಲೆಕ್ಕ ಬಿಡಿಸಿದ್ದಕ್ಕೆ ಸಮ.

ಲ್ಯಾಬಿನಲ್ಲಿ ಮೊದಲು ಕೈಗೆ ಬರುವುದು ವರ್ನಿಯರ್, ಸ್ಕ್ರೂ ಗೇಜ್. ಪೀಣ್ಯದಲ್ಲಿ ಲೇತ್ ಮುಂದೆ ನಿಲ್ಲುವವರಿಗೆ ಇವು ದಿನನಿತ್ಯದ ಸಲಕರಣೆ. ಸ್ಕ್ರೂ ಗೇಜ್ 0.01 ಮಿಲಿಮೀಟರ್‌ವರೆಗೂ ಅಳೆಯುತ್ತದೆ. ಒಂದೇ ತಂತಿಯನ್ನು ಐದು ಸಲ ಅಳೆದರೆ ಐದು ಸಲವೂ ಒಂದೇ ಅಂಕಿ ಬರದೆ ಹೋಗಬಹುದು. ಆಗ ಪಕ್ಕದವರ ರೆಕಾರ್ಡ್ ನೋಡಿ ತಿದ್ದಬೇಡಿ, ಬಂದದ್ದನ್ನೇ ಬರೆಯಿರಿ. ಆ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುವುದೇ ಪಾಠ.

ಕನ್ನಡ ಮಾಧ್ಯಮದವರಿಗೆ ಇನ್ನೊಂದು ಏರು. ಜವ, ವೇಗ, ವೇಗೋತ್ಕರ್ಷ ಎಂದು ಕಲಿತದ್ದು ಇಲ್ಲಿ ಸ್ಪೀಡ್, ವೆಲಾಸಿಟಿ, ಆಕ್ಸಿಲರೇಶನ್ ಆಗುತ್ತದೆ. ಮೊದಲ ಟೆಸ್ಟಿನಲ್ಲಿ ಅಂಕ ಕುಸಿದರೆ ಅದು ದಡ್ಡತನವಲ್ಲ. ಅರ್ಥವನ್ನು ಕನ್ನಡದಲ್ಲೇ ಗಟ್ಟಿಮಾಡಿಕೊಳ್ಳಿ, ಇಂಗ್ಲಿಷ್ ಹೆಸರು ತಾನಾಗಿ ಅಂಟಿಕೊಳ್ಳುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಓದು ಶುರುಮಾಡಿದ ಎಚ್. ನರಸಿಂಹಯ್ಯನವರು ಮುಂದೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದು ಬಂದವರು.

ತಂದೆತಾಯಿಯರಲ್ಲಿ ನನ್ನದೊಂದು ಕೋರಿಕೆ. ಸಿಇಟಿ ಮಾತು ಈಗಲೇ ಬೇಡ. ಸಂಜೆ ಮಗು ಮನೆಗೆ ಬಂದಾಗ, ಇವತ್ತು ಲ್ಯಾಬಿನಲ್ಲಿ ಏನು ಅಳೆದೆ ಎಂದು ಕೇಳಿ.