ಹೊರನಾಡಿನ ಕನ್ನಡ ವಿದ್ಯಾರ್ಥಿ ಮತ್ತು ವಿದ್ಯಾರ್ಥಿವೇತನದ ಅರ್ಜಿ

ಮುಂಬಯಿ ಕನ್ನಡಿಗರ ಶಿಕ್ಷಣದ ಚರಿತ್ರೆಯನ್ನು ಬರೆಯುವವರು ರಾತ್ರಿಶಾಲೆಗಳನ್ನು ಪ್ರಸ್ತಾಪಿಸದೆ ಮುಂದುವರಿಯುವಂತಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು ಇರುಳು ಓದಿದವರ ಸಾಧನೆ ದೊಡ್ಡದು. ಆದರೆ ಆ ಸ್ಮರಣೆಯೇ ಇಂದಿನ ವಿದ್ಯಾರ್ಥಿಗೆ ಒಂದು ಬಗೆಯ ತೊಡಕಾಗಿದೆ. ಸ್ವಂತ ದುಡಿಮೆಯಿಂದ ಓದುವುದೇ ಮರ್ಯಾದೆ, ಸರಕಾರದ ನೆರವನ್ನು ಕೇಳುವುದು ಕುಂದು ಎಂಬ ಭಾವನೆ ಎಷ್ಟೋ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ವಿದ್ಯಾರ್ಥಿವೇತನ ದಾನವಲ್ಲ, ನಿಯಮಕ್ಕೆ ಒಳಪಟ್ಟವನಿಗೆ ಸಲ್ಲಬೇಕಾದ ಹಕ್ಕು.

ಹಕ್ಕೆಂದು ಒಪ್ಪಿದ ಮೇಲೆ ನಿಜವಾದ ಸಮಸ್ಯೆ ಎದುರಾಗುತ್ತದೆ. ಪರಿಶಿಷ್ಟ ಜಾತಿಯವರಿಗಾಗಿರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಷ್ಟು ಹಳೆಯದು. ಅದನ್ನು ಕೊಡಬೇಕಾದುದು ವಿದ್ಯಾರ್ಥಿ ಓದುತ್ತಿರುವ ರಾಜ್ಯವಲ್ಲ, ಅವನು ಸೇರಿದ ರಾಜ್ಯ. ಕಲಬುರ್ಗಿಯಿಂದ ಓದಲೆಂದೇ ಪುಣೆಗೆ ಬಂದವನ ಮಟ್ಟಿಗೆ ಇದು ಸರಳ. ಅವನು ಕರ್ನಾಟಕಕ್ಕೆ ಅರ್ಜಿ ಸಲ್ಲಿಸಬೇಕು. ಆದರೆ ತಂದೆ ದುಡಿಮೆಗಾಗಿ ಬಂದು ನೆಲಸಿ, ತಾನು ಇಲ್ಲಿಯೇ ಹುಟ್ಟಿ ಬೆಳೆದವನು ಯಾವ ರಾಜ್ಯಕ್ಕೆ ಸೇರಿದವನು? ಮಹಾರಾಷ್ಟ್ರದಲ್ಲಿ ಪರಿಶಿಷ್ಟ ಜಾತಿಯ ಪ್ರಮಾಣಪತ್ರಕ್ಕೆ 1950ರ ಆಗಸ್ಟ್ 10ಕ್ಕೆ ಮೊದಲಿನ ವಾಸದ, ಇತರ ಹಿಂದುಳಿದ ವರ್ಗಗಳಿಗೆ 1967ರ ಅಕ್ಟೋಬರ್ 13ಕ್ಕೆ ಮೊದಲಿನ ವಾಸದ ಆಧಾರವನ್ನು ಕೇಳುತ್ತಾರೆ. ಒಂದು ರಾಜ್ಯದ ಪಟ್ಟಿಯ ಸ್ಥಾನ ವಲಸೆಗಾರನನ್ನು ಮತ್ತೊಂದು ರಾಜ್ಯಕ್ಕೆ ಹಿಂಬಾಲಿಸುವುದಿಲ್ಲವೆಂದು 1990ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ತೀರ್ಪಿತ್ತಿತು. ಆ ಮೊಕದ್ದಮೆ ಹುಟ್ಟಿದ್ದು ಮುಂಬಯಿಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನ ಪ್ರವೇಶದ ಸಂದರ್ಭದಲ್ಲಿ ಎಂಬುದು ಗಮನಾರ್ಹ. ಇಲ್ಲಿ ಹೊರಗಿನವನೆನಿಸಿ, ಊರಿನಲ್ಲಿ ವಾಸದ ದಾಖಲೆಯಿಲ್ಲದೆ, ಎರಡೂ ಕಡೆ ಸಲ್ಲದವನಾಗುವ ವಿದ್ಯಾರ್ಥಿ ಹೊರನಾಡಿನಲ್ಲಿ ಅಪರೂಪವಲ್ಲ. ಇದು ಅವನ ಅಜ್ಞಾನದ ಫಲವಲ್ಲ, ನಿಯಮದಲ್ಲಿಯೇ ಉಳಿದುಹೋದ ಬಿರುಕು. ತಂದೆಯ ಪ್ರಮಾಣಪತ್ರವನ್ನು ಊರಿನ ತಹಶೀಲ್ದಾರರ ಕಚೇರಿಯಿಂದ ತರಿಸಿಕೊಂಡಿದ್ದರೆ, ಕೇಂದ್ರದ ಸೌಲಭ್ಯಗಳಿಗಾದರೂ ದಾರಿ ತೆರೆದಿರುತ್ತದೆ.

ಇನ್ನೊಂದು ತೊಡಕು ಹೆಸರಿನದು. ಕನ್ನಡಿಗರ ಹೆಸರಿನ ಮುಂದೆ ಊರು, ತಂದೆಗಳ ಮೊದಲಕ್ಷರಗಳಿದ್ದರೆ, ಮಹಾರಾಷ್ಟ್ರದ ದಾಖಲೆಯಲ್ಲಿ ಮೊದಲು ಅಡ್ಡಹೆಸರು, ನಂತರ ಸ್ವಂತ ಹೆಸರು, ಕೊನೆಗೆ ತಂದೆಯ ಹೆಸರು. ಅಂಕಪಟ್ಟಿಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು. ಹಣ ಆಧಾರಿಗೆ ಜೋಡಿಸಿದ ಖಾತೆಗೇ ನೇರವಾಗಿ ಹೋಗುವುದರಿಂದ ಇವು ಹೊಂದದಿದ್ದರೆ ಮಂಜೂರಾದ ಮೊತ್ತವೂ ಕೈಸೇರುವುದು ಕಷ್ಟ. ಪಾಠಾಂತರಗಳನ್ನು ಕೂಡಿಸಿ ನೋಡುವ ಗ್ರಂಥಸಂಪಾದನೆಯ ಶಿಸ್ತು ಕನ್ನಡದ ವಿದ್ಯಾರ್ಥಿಗೆ ಇಲ್ಲಿಯೂ ಬೇಕಾದೀತು!

ರಾಜ್ಯವಾಸದ ಗೊಡವೆಯಿಲ್ಲದ ನೆರವೂ ಇದೆ. ಹನ್ನೆರಡನೆಯ ತರಗತಿಯಲ್ಲಿ ತಮ್ಮ ಮಂಡಳಿಯ ಮೊದಲ ಶೇಕಡಾ 20ರೊಳಗೆ ನಿಂತ, ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ಮೀರದವರಿಗೆ ಕೇಂದ್ರ ಸರಕಾರ ಪದವಿಯಲ್ಲಿ ವರ್ಷಕ್ಕೆ 12,000, ಸ್ನಾತಕೋತ್ತರದಲ್ಲಿ 20,000 ರೂಪಾಯಿಗಳನ್ನು ಕೊಡುತ್ತದೆ. ಆದರೆ ಪದವಿಯ ಮೊದಲ ವರ್ಷದಲ್ಲಿಯೇ ಅರ್ಜಿ ಹಾಕಿ, ವರ್ಷವರ್ಷವೂ ನವೀಕರಿಸಬೇಕು, ಎಂ.ಎ.ಗೆ ಬಂದ ಮೇಲೆ ಹೊಸದಾಗಿ ಕೇಳಿದರೆ ದೊರೆಯದು. ಅಂಚೆ ಶಿಕ್ಷಣದವರಿಗೂ ಇಲ್ಲ, ಅಂದರೆ ಹಗಲು ದುಡಿಯುವವನೇ ಮತ್ತೆ ಹೊರಗುಳಿಯುತ್ತಾನೆ. ಬ್ಯಾಂಕು ಸಾಲದ ಮಾತು ಬೇರೆ. ಉದ್ಯೋಗದ ಭರವಸೆ ತೆಳುವಾಗಿರುವ ಭಾಷಾಧ್ಯಯನಕ್ಕೆ ಅದನ್ನು ಮೊದಲ ಆಯ್ಕೆಯಾಗಿ ಸೂಚಿಸುವುದು ಸಲ್ಲದು.

ಹೊರನಾಡಿನ ಕನ್ನಡ ವಿಭಾಗಗಳು ವಿಚಾರಸಂಕಿರಣಗಳಿಗೆ ತೋರುವ ಆಸ್ಥೆಯ ಒಂದಂಶವನ್ನು ಇತ್ತ ತಿರುಗಿಸಬೇಕು. ಎಂ.ಎ. ತರಗತಿಗೆ ಬಂದವರನ್ನಷ್ಟೇ ಅಲ್ಲ, ಹನ್ನೆರಡನೆಯ ತರಗತಿ ಮುಗಿಸಿದ ಕನ್ನಡದ ಮಕ್ಕಳನ್ನು ಅವರ ಶಾಲೆಗಳಲ್ಲಿಯೇ ಕಂಡು ಮಾತನಾಡಿಸಬೇಕು. ಹಿಂದಿನ ವರ್ಷ ವೇತನ ಪಡೆದ ವಿದ್ಯಾರ್ಥಿ ಈ ವರ್ಷದ ಹೊಸಬನ ಪಕ್ಕದಲ್ಲಿ ಕುಳಿತು, ಮೂರು ದಾಖಲೆಗಳ ಹೆಸರನ್ನು ತಾಳೆನೋಡಿ ಅರ್ಜಿ ತುಂಬಿಸಲು ವರ್ಷಾರಂಭದ ಎರಡು ಮಧ್ಯಾಹ್ನಗಳು ಸಾಕು.