ಹಳೆಯ ಮಾತ್ರೆ, ಹೊಸ ತಿಳಿವು

ವರ್ಷಗಟ್ಟಲೆ ಖಿನ್ನತೆಗೆ ಮಾತ್ರೆ ತೆಗೆದುಕೊಂಡವರಿಗೆ ಮೂವತ್ತೈದೋ ನಲವತ್ತೋ ದಾಟಿದ ಮೇಲೆ ವೈದ್ಯರು ‘ನಿಮಗೆ ಎಡಿಎಚ್‌ಡಿಯೂ (ಗಮನ ನಿಲ್ಲದ, ಚಡಪಡಿಕೆಯ ಸಮಸ್ಯೆ) ಇದೆ’ ಎಂದೋ ‘ಆಟಿಸಂ ಇದೆ’ ಎಂದೋ ಹೇಳುವುದು ಈಗ ಅಪರೂಪವಲ್ಲ. ಹಾಗೆ ಕೇಳಿಸಿಕೊಂಡ ಎಷ್ಟೋ ಜನರಿಗೆ ಮೊದಲು ನಿರಾಳವಾಗುತ್ತದೆ. ಸೋಮಾರಿ, ಮರೆಗುಳಿ, ನಾಲ್ಕು ಜನರ ಜೊತೆ ಬೆರೆಯಲು ಬಾರದವಳು ಎಂದೆಲ್ಲ ಅನ್ನಿಸಿಕೊಂಡದ್ದಕ್ಕೆ ಕೊನೆಗೂ ಒಂದು ಕಾರಣ ಸಿಕ್ಕಿತಲ್ಲ! ಅದರ ಬೆನ್ನಿಗೇ ಸಿಟ್ಟು ಬರುತ್ತದೆ. ಶಾಲೆಯಲ್ಲೇ ಯಾರಾದರೂ ಗುರುತಿಸಿದ್ದರೆ ಓದು ಅರ್ಧಕ್ಕೆ ನಿಲ್ಲುತ್ತಿರಲಿಲ್ಲ, ಕೆಲಸ ಕೈತಪ್ಪುತ್ತಿರಲಿಲ್ಲ ಎಂದು ಮನಸ್ಸು ಹಿಂದಿನದನ್ನೆಲ್ಲ ಲೆಕ್ಕ ಹಾಕತೊಡಗುತ್ತದೆ.

ಈ ದುಃಖ ನ್ಯಾಯವಾದದ್ದು. ಆದರೆ ಅದರ ಭಾರವನ್ನೆಲ್ಲ ಅಪ್ಪ ಅಮ್ಮನ ಮೇಲೆ, ಮೇಷ್ಟರ ಮೇಲೆ ಹೊರಿಸುವುದು ಸರಿಯಲ್ಲ. ಶಾಸ್ತ್ರವೇ ತಡವಾಗಿ ಕಣ್ಣು ತೆರೆಯಿತು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯನ್ನು ನಮ್ಮ ಮನೋವೈದ್ಯರೂ ನೋಡುತ್ತಾರೆ. 1994ರ ಆವೃತ್ತಿಯ ಪ್ರಕಾರ ಆಟಿಸಂ ಇರುವವರಿಗೆ ಎಡಿಎಚ್‌ಡಿ ಕೂಡ ಇದೆ ಎಂದು ಬರೆಯುವಂತಿರಲಿಲ್ಲ. ಆ ನಿಷೇಧ ಹೋದದ್ದು 2013ರಲ್ಲಿ. ಎಡಿಎಚ್‌ಡಿಯ ಲಕ್ಷಣಗಳು ಏಳು ವರ್ಷದೊಳಗೇ ಕಾಣಬೇಕೆಂಬ ನಿಯಮ ಹನ್ನೆರಡಕ್ಕೆ ಏರಿದ್ದೂ ಆಗಲೇ. ತರಗತಿಯಲ್ಲಿ ಗಲಾಟೆ ಮಾಡುವ ಹುಡುಗನ ಮೇಲೆ ವೈದ್ಯರ ಕಣ್ಣು ಬೀಳುತ್ತಿತ್ತು. ಕೊನೆಯ ಬೆಂಚಿನಲ್ಲಿ ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದ ಹುಡುಗಿ ಯಾರ ಗಮನಕ್ಕೂ ಬರಲಿಲ್ಲ.

ಇಲ್ಲಿಂದ ಮುಂದೆ ಒಂದು ಅಪಾಯವಿದೆ. ‘ಹಾಗಾದರೆ ನನಗಿದ್ದದ್ದು ಖಿನ್ನತೆಯೇ ಅಲ್ಲ, ಇಷ್ಟು ವರ್ಷದ ಮಾತ್ರೆಯೆಲ್ಲ ದಂಡ’ ಎಂದುಕೊಳ್ಳುವುದು ಸುಲಭ. ಹಳೆಯ ನಿರ್ಣಯವೇ ತಪ್ಪಾಗಿರುವುದೂ ಉಂಟು; ಅದನ್ನು ವೈದ್ಯರು ಮತ್ತೆ ಪರಿಶೀಲಿಸಲೇಬೇಕು. ಆದರೆ ಎಡಿಎಚ್‌ಡಿ, ಆಟಿಸಂ ಇರುವ ವಯಸ್ಕರಲ್ಲಿ ಖಿನ್ನತೆ, ಆತಂಕ ಜೊತೆಗೇ ಇರುವುದು ತೀರಾ ಸಾಮಾನ್ಯ. ದಿನವೂ ಬೈಗುಳ ತಿಂದು, ದಿನವೂ ಎಲ್ಲರಂತೆ ಇರುವ ಹಾಗೆ ನಟಿಸಿ ದಣಿದ ಜೀವಕ್ಕೆ ಖಿನ್ನತೆ ಬಂದರೆ ಅದು ನಿಜವಾದ ಕಾಯಿಲೆಯೇ. ಕಾರಣ ತಿಳಿದ ಮಾತ್ರಕ್ಕೆ ಅದು ವಾಸಿಯಾಗುವುದಿಲ್ಲ. ಬೈಪೋಲಾರ್ ಇರುವವರ ವಿಷಯದಲ್ಲಂತೂ ಚಿಕಿತ್ಸೆಯ ಕ್ರಮವೇ ಮುಖ್ಯ: ಮನಸ್ಥಿತಿ ಹದಕ್ಕೆ ಬರುವ ಮೊದಲೇ ಎಡಿಎಚ್‌ಡಿಗೆ ಮಿಥೈಲ್‌ಫೆನಿಡೇಟ್ ಕೊಟ್ಟರೆ ಉನ್ಮಾದ ಕೆರಳಬಹುದು. ಬೈಪೋಲಾರ್‌ಗೆ ಕೊಡುವ ಲಿಥಿಯಂ ಹಠಾತ್ತನೆ ಬಿಟ್ಟರೂ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಬೇರೆಯದೇ ಸಂಗತಿ. ‘ನನ್ನ ಮೆದುಳು ಬೇರೆ ಥರ’ ಎಂದು ನೆಂಟರ ಮುಂದೆ ಹೇಳಿಕೊಳ್ಳಲು ಈಗ ಧೈರ್ಯ ಬಂದಿದೆ. ನರವೈವಿಧ್ಯದ ವಿಚಾರ 1990ರ ದಶಕದ ಕೊನೆಯಿಂದ ಬೆಳೆದು ಬಂದು ಸಾವಿರಾರು ಜನರಿಗೆ ಮರ್ಯಾದೆ ತಂದುಕೊಟ್ಟಿದೆ. ಅದು ದೊಡ್ಡ ಉಪಕಾರ. ಆದರೆ ಅದೇ ಉಸಿರಿನಲ್ಲಿ ‘ನಾನು ಭಿನ್ನ ಅಷ್ಟೇ, ಹುಚ್ಚಿಯಲ್ಲ’ ಎಂದಾಗ ಎದೆ ಕುಸಿಯುತ್ತದೆ. ನಿನ್ನೆಯವರೆಗೆ ತಾನೇ ಹೊತ್ತಿದ್ದ ಕಳಂಕವನ್ನು ಸ್ಕಿಜೋಫ್ರೇನಿಯಾ ಇರುವ ಇನ್ನೊಬ್ಬರ ತಲೆಗೆ ದಾಟಿಸಿದಂತಾಯಿತು. ತನ್ನೊಳಗೇ ಇರುವ ಕಾಯಿಲೆಯನ್ನೂ ಮತ್ತೆ ಬಚ್ಚಿಟ್ಟಂತಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಮತ್ತು ಮಾನಸಿಕ ಕಾಯಿಲೆ ಎರಡನ್ನೂ ಒಂದೇ ಪಟ್ಟಿಯಲ್ಲಿಟ್ಟಿದೆ. (ಎಡಿಎಚ್‌ಡಿ ಆ ಪಟ್ಟಿಯಲ್ಲಿಲ್ಲ, ಇದು ಸರಿಹೋಗಬೇಕು.) ಕಾನೂನು ಒಪ್ಪಿದ ಈ ಸಮಾನ ಗೌರವವನ್ನು ಮನೆಯೊಳಗೂ ಒಪ್ಪುವುದು ಕಷ್ಟವಾಗಬಾರದು. ಒಂದಕ್ಕೆ ನಾಚಿ ಇನ್ನೊಂದಕ್ಕೆ ಹೆಮ್ಮೆಪಡುವವರಿಗೆ ನೆಮ್ಮದಿ ಸಿಗುವುದಿಲ್ಲ.

ಹಾಗಾಗಿ ಹೊಸದಾಗಿ ತಿಳಿದವರಲ್ಲಿ ನನ್ನ ಕೋರಿಕೆ ಇಷ್ಟು. ಇಡೀ ಬದುಕನ್ನು ಒಂದೇ ತಿಂಗಳಲ್ಲಿ ತಿರುಗಿ ಅರ್ಥಮಾಡಿಕೊಳ್ಳುವ ಆತುರ ಬೇಡ. ಅಳು ಬಂದರೆ ಅಳಿ. ಹಳೆಯ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಹಳೆಯ ಚೀಟಿ, ಹೊಸ ವರದಿ ಎರಡನ್ನೂ ಒಬ್ಬರೇ ಮನೋವೈದ್ಯರ ಮುಂದಿಡಿ. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ವೈದ್ಯರನ್ನು ಕಾಣಿ. ಸಾವಿನ ಯೋಚನೆ ಸುಳಿದರೆ ಒಂದು ದಿನವೂ ಕಾಯಬೇಡಿ: ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲೂ ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.